ಥಾರ್‌ಗೆ 100, ಮೀನಿನ ಉಸಿರಿಗೆ ಎಷ್ಟು?

ಉತ್ತರ ಯುರೋಪಿನ ಹಳೆಯ ಪುರಾಣದ ಗುಡುಗಿನ ದೇವರು ಥಾರ್‌ನ ತೂಕ 640 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 290 ಕೆಜಿ. ಎತ್ತರ ಆರೂವರೆ ಅಡಿ. ಸುಮ್ನೆ ಅಂದಾಜಿಗೆ ಹೇಳಿದ್ದಲ್ಲ, ಅವನನ್ನು ಸೂಪರ್‌ಹೀರೋ ಮಾಡಿದ ಮಾರ್ವೆಲ್ ಕಾಮಿಕ್ಸ್ ಕಂಪನಿಯ ಅಧಿಕೃತ ಕೈಪಿಡಿಯಲ್ಲಿ ಅಚ್ಚಾದ ಅಂಕಿ. ಆಸ್ಗಾರ್ಡ್ ಎಂಬ ದೇವಲೋಕದ ದೇವರುಗಳ ಮೂಳೆ ಮಾಂಸ ಮನುಷ್ಯರದಕ್ಕಿಂತ ಮೂರು ಪಟ್ಟು ದಟ್ಟವಂತೆ. ಅಲ್ಲಿನ ಸಾಧಾರಣ ಗಂಡುದೇವರು 30 ಟನ್ ಎತ್ತುತ್ತಾನೆ. ಸಾಧಾರಣ ಹೆಣ್ಣುದೇವರು 25 ಟನ್. ದೇವರುಗಳಲ್ಲೂ ‘ಸಾಧಾರಣ’ ಅಂತ ಒಂದು ದರ್ಜೆ ಇದೆ ಅಂತಾಯಿತು. ಆ 5 ಟನ್ ಕಡಿತ ಯಾವ ಲೆಕ್ಕದಲ್ಲಿ ಅಂತ ಫ್ರೇಯಾ ಆಗಲಿ, ಫ್ರಿಗ್ ಆಗಲಿ ಅರ್ಜಿ ಹಾಕಿದ ದಾಖಲೆ ಇಲ್ಲ.

ದೇವರನ್ನು ತಕ್ಕಡಿಗೆ ಹಾಕುವ ಈ ಚಟ ಕಾಮಿಕ್ಸ್‌ನವರಿಗೆ ಇತ್ತು. ಅದನ್ನು ಶಾಸ್ತ್ರ ಮಾಡಿದವರು ಆಟದವರು. ಸೂಪರ್‌ಹೀರೋ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಇಷ್ಟೇ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬ ಹೀರೋ ಆಗುತ್ತಾರೆ. ‘ನಾನು ಗೋಡೆ ಒಡೀತೀನಿ’ ಅಂತ ಅಂದರೆ ಸಾಲದು. ಒಡೆಯುವವನ ಬಲ ಎಷ್ಟು, ಗೋಡೆಯ ಬಲ ಎಷ್ಟು ಅಂತ ನೋಡಿ ದಾಳ ಉರುಳಿಸಬೇಕು. ಹಾಗಾಗಿ ಗೋಡೆಗೊಂದು ನಂಬರ್, ಕಾರಿಗೊಂದು ನಂಬರ್, ದೇವರಿಗೊಂದು ನಂಬರ್. ಆಟದ ಮೇಲೆ ನನಗೇನೂ ಸಿಟ್ಟಿಲ್ಲ. ದಾಳ ಹಿಡಿದು ಕೂತವರು ರಾಜ್ಯವನ್ನೂ ಹೆಂಡತಿಯನ್ನೂ ಸೋತ ಕಥೆ ಕೇಳಿ ಬೆಳೆದವರು ನಾವು. ಇವರು ಸೋಲುವುದು ಒಂದು ಸಂಜೆ, ಅಷ್ಟೇ.

1984ರಲ್ಲಿ ಟಿಎಸ್‌ಆರ್ ಎಂಬ ಅಮೆರಿಕದ ಕಂಪನಿ ಮಾರ್ವೆಲ್ ಹೀರೋಗಳ ಆಟ ತಂದಿತು. ಅದರಲ್ಲಿ ಪ್ರತಿಯೊಬ್ಬರಿಗೂ ಏಳು ಗುಣ. ಒಂದೊಂದು ಗುಣಕ್ಕೂ ದರ್ಜೆ. ಫೀಬಲ್ ಅಂದರೆ 2, ಪೂರ್ ಅಂದರೆ 4, ಟಿಪಿಕಲ್ ಅಂದರೆ 6. ನಾನು, ನೀವು, ಪಕ್ಕದ ಮನೆಯವರು ಎಲ್ಲ ಈ ಆರರ ಗಿರಾಕಿಗಳು. ಮೇಲೇರುತ್ತ ಹೋದರೆ ಅನ್‌ಅರ್ಥ್ಲಿ ಅಂತ ಒಂದು ದರ್ಜೆ ಸಿಗುತ್ತದೆ, ಅದಕ್ಕೆ 100. ಥಾರ್‌ನ ಬಲ ಅಲ್ಲಿದೆ. ನೂರಕ್ಕೆ ನೂರು ಅಂತ ಖುಷಿಪಡಬೇಡಿ, ಅದರಾಚೆಗೂ ದರ್ಜೆಗಳಿವೆ. ಗುಡುಗಿನ ದೇವರಿಗೂ ಪ್ರಮೋಷನ್ ಬಾಕಿ.

ಅದೇ ಆಟದಲ್ಲಿ ಕರ್ಮ ಅಂತ ಒಂದು ಖಾತೆ ಇದೆ. ಹೌದು, ನಮ್ಮದೇ ಕರ್ಮ. ಯಾರನ್ನೂ ಕೇಳದೆ ಒಯ್ದಿದ್ದಾರೆ. ಒಳ್ಳೆಯದು ಮಾಡಿದರೆ ಜಮಾ. ಕಷ್ಟ ಬಂದಾಗ ಖರ್ಚು ಮಾಡಿ ದಾಳದ ಅಂಕಿ ಏರಿಸಿಕೊಳ್ಳಬಹುದು. ಮುಂದಿನ ಜನ್ಮದ ತನಕ ಕಾಯಬೇಕಿಲ್ಲ, ಅವತ್ತೇ ಡ್ರಾ ಮಾಡಬಹುದು. ಆದರೆ ಹೀರೋ ಯಾರನ್ನಾದರೂ ಕೊಂದನೋ, ಖಾತೆ ಪೂರ್ತಿ ಸೊನ್ನೆ.

ಈಗ ಈ ನಿಯಮ ಹಿಡಿದುಕೊಂಡು ಐಸ್‌ಲ್ಯಾಂಡಿನ ಹಳೆಯ ಹಾಡುಗಳ ಥಾರ್ ಹತ್ತಿರ ಹೋಗಿ ನೋಡೋಣ.

ತ್ರಿಮ್ ಎಂಬ ದೈತ್ಯ ಥಾರ್‌ನ ಸುತ್ತಿಗೆ ಕದ್ದು ಎಂಟು ಹರದಾರಿ ಆಳದಲ್ಲಿ ಹೂತಿಟ್ಟಿದ್ದಾನೆ. ಫ್ರೇಯಾಳನ್ನು ಮದುವೆ ಮಾಡಿಕೊಟ್ಟರೆ ವಾಪಸ್ ಅನ್ನುತ್ತಾನೆ. ಫ್ರೇಯಾ ಬುಸುಗುಟ್ಟಿದ ರಭಸಕ್ಕೆ ಅವಳ ಕೊರಳ ಹಾರವೇ ಕಳಚಿ ಬೀಳುತ್ತದೆ. ಕೊನೆಗೆ ಥಾರ್‌ಗೇ ಮದುಮಗಳ ಉಡುಪು, ಸೊಂಟಕ್ಕೆ ಬೀಗದ ಕೈ ಗೊಂಚಲು, ಮುಖಕ್ಕೆ ಮುಸುಕು. ಕೀಚಕನ ಕಥೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಆದರೆ ನಮ್ಮ ಭೀಮ ಕತ್ತಲಲ್ಲಿ ತೆಪ್ಪಗೆ ಮಲಗಿದ್ದ. ಈ ಮಹಾರಾಯ ಊಟಕ್ಕೆ ಕೂರುತ್ತಾನೆ. ಒಂದು ಇಡೀ ಎತ್ತು, ಎಂಟು ಸಾಲ್ಮನ್ ಮೀನು, ಹೆಂಗಸರಿಗೆ ಅಂತ ತೆಗೆದಿಟ್ಟಿದ್ದ ತಿಂಡಿಯೆಲ್ಲ, ಮೇಲೆ ಮೂರು ಪೀಪಾಯಿ ಜೇನುಮದ್ಯ. ಮದುಮಗನಿಗೆ ಅನುಮಾನ. ದಾಸಿಯ ವೇಷದಲ್ಲಿ ಪಕ್ಕ ಕೂತಿದ್ದ ಕಿತಾಪತಿ ದೇವರು ಲೋಕಿ, ಪಾಪ, ನಿಮ್ಮನ್ನು ನೋಡುವ ಆಸೆಯಲ್ಲಿ ಎಂಟು ರಾತ್ರಿಯಿಂದ ಏನೂ ತಿಂದಿಲ್ಲ ಅನ್ನುತ್ತಾನೆ. ಮದುವೆಯ ಶಾಸ್ತ್ರಕ್ಕೆ ಅಂತ ಸುತ್ತಿಗೆ ತಂದು ಮದುಮಗಳ ಮಡಿಲಲ್ಲಿ ಇಟ್ಟಿದ್ದೇ ತಡ, ಮೊದಲು ತ್ರಿಮ್, ಆಮೇಲೆ ಇಡೀ ಬೀಗರ ಪಂಗಡ. ಉಡುಗೊರೆ ಕೇಳಿದ ಮುದಿ ನಾದಿನಿಗೆ ನಾಣ್ಯದ ಬದಲು ಸುತ್ತಿಗೆ ಏಟು.

ಕರ್ಮ ಖಾತೆ: ಸೊನ್ನೆ. ಅದೂ ಮೊದಲ ಸಂಜೆಯೇ.

ಯೋಗ್ಯನಾದವನು ಮಾತ್ರ ಈ ಸುತ್ತಿಗೆ ಎತ್ತಬಲ್ಲ ಎಂಬ ಮಾತು ಎಲ್ಲರಿಗೂ ಗೊತ್ತು, ಅಲ್ವಾ? ಅದು ಎಡ್ಡಾ ಎಂಬ ಆ ಹಳೆಯ ಹಾಡುಗಳಲ್ಲಿಲ್ಲ, 1962ರ ಕಾಮಿಕ್ಸ್‌ನಲ್ಲಿದೆ. ಹಾಡಿನಲ್ಲಿ ಅದನ್ನು ಕಳ್ಳ ಎತ್ತಿಕೊಂಡು ಹೋಗಿದ್ದಾನೆ, ಹೂತೂ ಇಟ್ಟಿದ್ದಾನೆ. ಥಾರ್ ಸತ್ತ ಮೇಲೆ ಅದು ಇಬ್ಬರು ಗಂಡುಮಕ್ಕಳಿಗೆ ಹೋಗುತ್ತದೆ. ಯೋಗ್ಯತೆ ಪರೀಕ್ಷೆ ಏನಿಲ್ಲ, ಪಿತ್ರಾರ್ಜಿತ ಆಸ್ತಿ. 2002ರ ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಆಟದವರು ಇದಕ್ಕಿಂತ ಪ್ರಾಮಾಣಿಕರು. ಅಲ್ಲಿ ಹೀರೋನ ಶಕ್ತಿಗಳನ್ನು ಪಾಯಿಂಟ್ ಕೊಟ್ಟು ಕೊಳ್ಳಬೇಕು. ಕೈಯಿಂದ ಕಿತ್ತುಕೊಳ್ಳಬಹುದಾದ ಆಯುಧವಾದರೆ ರಿಯಾಯಿತಿ. ಒಮ್ಮೆ ಕಳುವಾದ ಮಾಲು ಅಂದ ಮೇಲೆ ಥಾರ್‌ಗೆ ಸಿಗಬೇಕಾದದ್ದೇ.

ಊನಕ್ಕೂ ಬೆಲೆ ಇದೆ. 1981ರ ಚಾಂಪಿಯನ್ಸ್ ಆಟದಲ್ಲಿ ನಿಮ್ಮ ಹೀರೋಗೆ ಕುರುಡು, ಕುಂಟು, ಹಗೆತನ, ಹಠ ಏನಾದರೂ ಅಂಟಿಸಿದರೆ ಹೆಚ್ಚುವರಿ ಪಾಯಿಂಟ್ ಸಿಗುತ್ತದೆ. ಅದರಲ್ಲಿ ಶಕ್ತಿ ಕೊಳ್ಳಬಹುದು. ಇದೊಂದರಲ್ಲಿ ಪುರಾಣದವರೂ ಆಟದವರೂ ಒಂದೇ ಅಂಗಡಿಯವರು. ಥಾರ್‌ನ ಅಪ್ಪ, ದೇವರುಗಳ ಒಡೆಯ ಓಡಿನ್ ಮಿಮಿರ್‌ನ ಬಾವಿಗೆ ಒಂದು ಕಣ್ಣು ಕೊಟ್ಟು ಒಂದು ಗುಟುಕು ಜ್ಞಾನ ಕುಡಿದವನು. ಆದರೆ ಟೀರ್ ಅಂತ ಇನ್ನೊಬ್ಬ ದೇವರು ಇದ್ದಾನಲ್ಲ, ಅವನಿಗೆ ಮೋಸವಾಯಿತು. ಫೆನ್ರಿರ್ ಎಂಬ ತೋಳವನ್ನು ಕಟ್ಟಿಹಾಕಬೇಕಿತ್ತು. ಯಾರಾದರೂ ನನ್ನ ಬಾಯಲ್ಲಿ ಕೈ ಇಟ್ಟರೆ ಮಾತ್ರ ಕಟ್ಟಿಸಿಕೊಳ್ಳುತ್ತೇನೆ ಅಂದಿತು ತೋಳ. ಟೀರ್ ಇಟ್ಟ. ಕಟ್ಟು ಬಿಗಿಯಾಯಿತು, ಕೈ ಹೋಯಿತು. ಆಗ ಎಲ್ಲ ದೇವರುಗಳೂ ನಕ್ಕರು, ಟೀರ್ ಒಬ್ಬನನ್ನು ಬಿಟ್ಟು. ಪಾಯಿಂಟ್ ಗೀಯಿಂಟ್ ಏನೂ ಇಲ್ಲ.

ಆ ಕಟ್ಟಿದ ದಾರದ ಮುಂದೆಯೇ ಆಟದ ಪುಸ್ತಕ ಕೈಚೆಲ್ಲುವುದು. ಮೊದಲು ಎರಡು ಗಟ್ಟಿ ಸಂಕೋಲೆ ಹಾಕಿದ್ದರು, ತೋಳ ಎರಡನ್ನೂ ಹರಿದು ಹಾಕಿತ್ತು. ಮೂರನೆಯದನ್ನು ಕುಳ್ಳರು ಮಾಡಿಕೊಟ್ಟರು. ಗ್ಲೈಪ್‌ನಿರ್ ಅಂತ ಹೆಸರು, ರೇಷ್ಮೆ ಪಟ್ಟಿಯ ಹಾಗೆ ನಯ. ಸಾಮಗ್ರಿ: ಬೆಕ್ಕಿನ ಹೆಜ್ಜೆ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು. ಈಗ ಮಾರ್ವೆಲ್ ಆಟದ ವಸ್ತುಬಲದ ಪಟ್ಟಿ ತೆಗೆಯಿರಿ. ಕೆಳಗೆ ಬಟ್ಟೆ, ಮೇಲೆ ಉಕ್ಕು, ತುತ್ತತುದಿಯಲ್ಲಿ ಅಡಮಾಂಟಿಯಮ್ ಎಂಬ ಕಾಮಿಕ್ಸ್‌ನ ಕಲ್ಪಿತ ಲೋಹ. ಮೀನಿನ ಉಸಿರನ್ನು ಎಲ್ಲಿ ಇಡುತ್ತೀರಿ? ಕಾಂಕ್ರೀಟಿನ ಮೇಲಾ, ಕೆಳಗಾ? ಒಂದು ತೋಳಕ್ಕೆ ಹೆಜ್ಜೆ ಸಪ್ಪಳ ಎಷ್ಟು ಮೀಟರ್ ಬೇಕು? ಆ ಕಥೆ ಕಟ್ಟಿದವನಿಗೆ ಗೊತ್ತಿದ್ದದ್ದೇ ಇದು: ಇಲ್ಲದ ವಸ್ತುವನ್ನು ಹರಿಯೋದು ಹೇಗೆ? ಆಟದವರು ಪಕ್ಕದಲ್ಲಿ ‘ಮಾಂತ್ರಿಕ’ ಅಂತ ಬರೆದು ಒಂದು ದಪ್ಪ ನಂಬರ್ ಹಾಕಿ ಕೈತೊಳೆದುಕೊಳ್ಳಬೇಕು.

ಇನ್ನೊಂದು ಕಥೆಯ ಮುದುಕಿಯ ಗತಿಯೂ ಅದೇ. ಥಾರ್ ಊಟ್‌ಗಾರ್ಡಿನ ದೈತ್ಯರ ಮನೆಗೆ ಹೋದಾಗ ಅಲ್ಲಿನ ಬೆಕ್ಕನ್ನು ಎತ್ತಲು ಹೋಗಿ ಒಂದು ಪಂಜ ಮಾತ್ರ ಮೇಲೆತ್ತಿದ. ಕೊಂಬಿನ ಲೋಟ ಮೂರು ಸಲ ಬಾಯಿಗಿಟ್ಟರೂ ಖಾಲಿಯಾಗಲಿಲ್ಲ. ‘ಎಲ್ಲಿ’ ಎಂಬ ಹೆಸರಿನ ಮುದುಕಿ ಜೊತೆ ಕುಸ್ತಿಗೆ ನಿಂತು ಒಂದು ಮಂಡಿಯೂರಿದ. ಬೆಕ್ಕು ಅಂದರೆ ಭೂಮಿಯನ್ನೇ ಸುತ್ತಿದ ಹಾವು, ಲೋಟದ ಇನ್ನೊಂದು ತುದಿ ಇದ್ದದ್ದು ಸಮುದ್ರದಲ್ಲಿ, ಮುದುಕಿ ಅಂದರೆ ಸಾಕ್ಷಾತ್ ಮುಪ್ಪು ಅಂತ ಮಾರನೇ ದಿನ ಗೊತ್ತಾಯಿತು. ಮುಪ್ಪಿನ ಬಲ 100ಕ್ಕಿಂತ ಜಾಸ್ತಿ ಅಂತ ಬರೆದರೆ ಆಟ ಆಡುವ ಹುಡುಗರು ಬೇಜಾರಾಗುತ್ತಾರೆ. ಟಿಪಿಕಲ್ 6 ಅಂತ ಬರೆದರೆ ಕಥೆ ಸುಳ್ಳಾಗುತ್ತದೆ. ಮಂಡಿ ನೋವಿನ ಮಾತ್ರೆ ನುಂಗುವ ವಯಸ್ಸಿನವರನ್ನು ಕೇಳಿದ್ದರೆ ಸರಿಯಾದ ನಂಬರ್ ಸಿಗುತ್ತಿತ್ತೇನೋ.

ಇನ್ನು ಸಂಬಂಧಗಳು. ಪುರಾಣದಲ್ಲಿ ಲೋಕಿ ಓಡಿನ್ ಜೊತೆ ರಕ್ತ ಬೆರೆಸಿ ಅಣ್ಣತಮ್ಮ ಅಂದುಕೊಂಡವನು. ಅಲ್ಲಿಗೆ ಥಾರ್‌ಗೆ ಚಿಕ್ಕಪ್ಪ. ಮಾರ್ವೆಲ್ ಅವನನ್ನು ಓಡಿನ್‌ನ ಸಾಕುಮಗ ಮಾಡಿ ಥಾರ್‌ಗೆ ತಮ್ಮನ ಸ್ಥಾನ ಕೊಟ್ಟಿತು. ಲೋಕಿಯ ತಾಯಿ ಲೌಫೆಯನ್ನು ಗಂಡಸು ಮಾಡಿ ಅಪ್ಪನ ಪಟ್ಟಕ್ಕೆ ಕೂರಿಸಿತು. ಲೋಕಿಯ ಮಗಳು ಹೆಲ್ 2017ರ ಸಿನಿಮಾದಲ್ಲಿ ಥಾರ್‌ನ ಅಕ್ಕನಾಗಿ ಬಂದಳು. ಅಂದರೆ ಲೋಕಿಗೆ ಅಮ್ಮ ಅಪ್ಪನಾದಳು, ಮಗಳು ಅಕ್ಕನಾದಳು. ನಮ್ಮ ಕಡೆ ಮದುವೆ ಮನೆಯಲ್ಲಿ ವರಸೆ ಹೇಳುವ ಅಜ್ಜಿಯೂ ಇಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾಳೆ. ಹೆಣ್ಣುಕುದುರೆಯಾಗಿ ಎಂಟು ಕಾಲಿನ ಮರಿ ಹೆತ್ತದ್ದು ಲೋಕಿಯ ನಿಜವಾದ ಸಾಹಸ. ಅದಕ್ಕೆ ಎಷ್ಟು ಪಾಯಿಂಟ್ ಅಂತ ಕೇಳಿದರೆ ಮೇಜಿನ ಸುತ್ತ ಎಲ್ಲರೂ ಮೊಬೈಲ್ ನೋಡತೊಡಗುತ್ತಾರೆ.

ಲೋಕಗಳ ಪಾಡು ಬೇರೆ ಏನಲ್ಲ. ಹಳೆಯ ಹಾಡುಗಳು ಒಂಬತ್ತು ಲೋಕ ಅನ್ನುತ್ತವೆ. ಒಂಬತ್ತು ಯಾವುವು ಅಂತ ಪಟ್ಟಿ ಎಲ್ಲೂ ಕೊಡುವುದಿಲ್ಲ. ಆಟಕ್ಕೆ ಅದು ಸಾಲುತ್ತದಾ? ನಕ್ಷೆ ಬೇಕು, ಗಡಿ ಬೇಕು, ಇಲ್ಲಿಂದ ಅಲ್ಲಿಗೆ ಎಷ್ಟು ದಿನ ಅಂತ ಬೇಕು. ಅಂತೂ ಆಸ್ಗಾರ್ಡ್ ಬಾಹ್ಯಾಕಾಶದಲ್ಲಿ ತೇಲುವ ಸೈಟ್ ಆಯಿತು. 2007ರ ಕಾಮಿಕ್ಸ್‌ನಲ್ಲಿ ಅದು ಅಮೆರಿಕದ ಒಕ್ಲಹೋಮಾ ರಾಜ್ಯದ ಬ್ರಾಕ್ಸ್‌ಟನ್ ಎಂಬ ಊರ ಪಕ್ಕಕ್ಕೆ ಬಂತು. ಸಿನಿಮಾದಲ್ಲಿ ನಾರ್ವೆಯ ಟೋನ್ಸ್‌ಬರ್ಗ್‌ಗೆ, ‘ನ್ಯೂ ಆಸ್ಗಾರ್ಡ್’ ಅಂತ ಹೆಸರಾಗಿ. ಅದರ ಚಿತ್ರೀಕರಣ ನಡೆದದ್ದು ಸ್ಕಾಟ್ಲೆಂಡಿನ ಸೇಂಟ್ ಆಬ್ಸ್ ಎಂಬ ಮೀನುಗಾರರ ಹಳ್ಳಿಯಲ್ಲಿ. ಆ ಹಳ್ಳಿಯವರು ‘ನ್ಯೂ ಆಸ್ಗಾರ್ಡ್‌ನ ಸೋದರ ಊರು’ ಅಂತ ಬೋರ್ಡನ್ನೇ ಹಾಕಿಕೊಂಡರು. ದೇವಲೋಕಕ್ಕೆ ಇಷ್ಟು ವರ್ಗಾವಣೆ ಆದದ್ದು ನಮ್ಮ ಯಾವ ತಹಶೀಲ್ದಾರರಿಗೂ ಆಗಿರಲಿಕ್ಕಿಲ್ಲ.

ಲೆಕ್ಕವೇ ಬೇಕಿದ್ದರೆ ಹಳೆಯ ಹಾಡಿನಲ್ಲೇ ಇತ್ತಲ್ಲ. ಸತ್ತ ಯೋಧರು ಸೇರುವ ಓಡಿನ್‌ನ ಮಹಾಮನೆ ವಲ್ಹಾಲಾಕ್ಕೆ 540 ಬಾಗಿಲು, ಒಂದೊಂದರಿಂದ 800 ಯೋಧರು ಹೊರಡುತ್ತಾರೆ. ಗುಣಿಸಿ ನೋಡಿ, 4,32,000. ಪಂಚಾಂಗ ಬಲ್ಲವರು ಕಿವಿ ನಿಮಿರಿಸಿರಬೇಕು, ಕಲಿಯುಗದ ವರ್ಷಗಳೂ ಅಷ್ಟೇ. ಕಾಕತಾಳೀಯವೋ ಏನೋ, ವಾಟ್ಸ್ಆ್ಯಪ್ ವಿದ್ವಾಂಸರಿಗೆ ಮಾತ್ರ ಹೇಳಬೇಡಿ.

ಇಷ್ಟೆಲ್ಲ ಸ್ವಾತಂತ್ರ್ಯ ಎಲ್ಲಿಂದ ಬಂತು? ಅದಕ್ಕೆ 1980ಕ್ಕೆ ಹೋಗಬೇಕು. ಇದೇ ಟಿಎಸ್‌ಆರ್ ಆ ವರ್ಷ ತನ್ನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ದೇವರುಗಳ ಒಂದು ಸಂಪುಟ ತಂದಿತು. ಓಡಿನ್‌ಗೆ 400 ಹಿಟ್ ಪಾಯಿಂಟ್. ಅಂದರೆ ಅಷ್ಟು ಏಟು ತಿಂದರೆ ಸರ್ವಪಿತನ ಕಥೆ ಮುಗಿಯಿತು. ನಮ್ಮ ಇಂದ್ರ, ಅಗ್ನಿ, ವಿಷ್ಣು, ಕಾಳಿ ಕೂಡ ಅದೇ ಪುಸ್ತಕದಲ್ಲಿ ಅಂಕಿ ಅಂಟಿಸಿಕೊಂಡು ನಿಂತರು. ಜೊತೆಗೆ ಇಪ್ಪತ್ತನೇ ಶತಮಾನದ ಕಥೆಗಾರರು ಕಲ್ಪಿಸಿದ ಎರಡು ದೇವಕೂಟಗಳೂ ಇದ್ದವು, ಕ್ತುಲ್ಹುವಿನದು ಒಂದು, ಮೆಲ್ನಿಬೋನೆಯದು ಇನ್ನೊಂದು. ಅವುಗಳ ಆಟದ ಹಕ್ಕು ಕೇಯಾಸಿಯಂ ಎಂಬ ಬೇರೆ ಕಂಪನಿ ಬಳಿ ಇತ್ತು. ಮುಂದಿನ ಮುದ್ರಣಗಳಲ್ಲಿ ಆ ಎರಡೂ ಮಾಯ. 144 ಪುಟದ ಪುಸ್ತಕ 128ಕ್ಕೆ ಇಳಿಯಿತು.

ಮತ್ತೊಮ್ಮೆ ಓದಿ. ಮೊನ್ನೆ ಮೊನ್ನೆ ಕಥೆಗಾರ ಹುಟ್ಟಿಸಿದ ದೇವರುಗಳನ್ನು ಗೌರವದಿಂದ ಹೊರಗೆ ಕಳಿಸಿಕೊಟ್ಟರು. ಸಾವಿರಾರು ವರ್ಷ ಜನ ಕೈಮುಗಿದ ದೇವರುಗಳು ಹಿಟ್ ಪಾಯಿಂಟ್ ಹೊತ್ತು ಅಲ್ಲೇ ಉಳಿದರು. ಕ್ತುಲ್ಹುವಿಗೆ ವಕೀಲರಿದ್ದರು, ಇಂದ್ರನಿಗೆ ಇರಲಿಲ್ಲ. 1972ರಿಂದ ಐಸ್‌ಲ್ಯಾಂಡಿನಲ್ಲಿ ಆಸಾತ್ರು ಅಂತ ಒಂದು ಸಂಘವಿದೆ, ಓಡಿನ್ ಮತ್ತು ಥಾರ್ ಹೆಸರಲ್ಲಿ ಈಗಲೂ ಕೊಂಬಿನ ಲೋಟ ಎತ್ತುವವರು. ಅವರಿಗೂ ಯಾರೂ ರಾಯಲ್ಟಿ ಕಳಿಸಿಲ್ಲ.

ಹಾಗಾಗಿ ಹೊಸ ಸೂಪರ್‌ಹೀರೋ ಆಟ ಮಾಡುವವರಿಗೆಲ್ಲ ಈ ದೇವರುಗಳೆಂದರೆ ಪ್ರಾಣ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಒಂದೇ ಎಚ್ಚರ ಬೇಕು. ಹೊಂಬಣ್ಣದ ಕೂದಲು, ರೆಕ್ಕೆ ಇರುವ ಶಿರಸ್ತ್ರಾಣದ ಥಾರ್ 2009ರಲ್ಲಿ ಮಾರ್ವೆಲ್ ಜೊತೆಗೇ ಸುಮಾರು 400 ಕೋಟಿ ಡಾಲರ್‌ಗೆ ಡಿಸ್ನಿ ಪಾಲಾಗಿದ್ದಾನೆ. ಹಾಗೆ ಬರೆದರೆ ನೋಟಿಸ್ ಬರುತ್ತದೆ. ಆಗ ಕೆಂಪು ಗಡ್ಡ ಅಂಟಿಸಿ, ಪುರಾಣದಲ್ಲಿರುವುದೇ ಹೀಗೆ ಅಂತ ಮುನ್ನುಡಿ ಬರೆಯಬಹುದು. ಪುರಾಣದಲ್ಲಿ ಹಾಗೇ ಇದೆ ಕೂಡ. ಸಂಶೋಧನೆಯ ಆಸೆಯಿಂದ ಮೂಲಕ್ಕೆ ಹೋದವರಿಗಿಂತ ವಕೀಲರ ಭಯದಿಂದ ಹೋದವರೇ ಜಾಸ್ತಿ ಅಂತ ನನ್ನ ಗುಮಾನಿ.

ನ್ಯಾಯವಾಗಿ ಹೇಳಬೇಕೆಂದರೆ, ಈ ದೇವರುಗಳನ್ನು ತಿದ್ದಿ ಬರೆಯುವ ಕೆಲಸ ಶುರು ಮಾಡಿದ್ದು ಅಮೆರಿಕದವರಲ್ಲ. 1220ರ ಆಸುಪಾಸಿನಲ್ಲಿ ಈ ಕಥೆಗಳ ಗದ್ಯದ ಎಡ್ಡಾ ಬರೆದ ಸ್ನೋರಿ ಸ್ಟುರ್ಲುಸನ್ ಕ್ರೈಸ್ತ. ಐಸ್‌ಲ್ಯಾಂಡಿನ ಸಭೆಯಲ್ಲಿ ಕಾನೂನು ಹೇಳುವ ಹುದ್ದೆಯಲ್ಲಿದ್ದವನು. ದೇವರುಗಳಿಗೆ ಸಿಕ್ಕ ಒಬ್ಬನೇ ಕಾನೂನು ಪಂಡಿತ ಅನ್ನಿ. ಅವನೂ ಮುನ್ನುಡಿಯಲ್ಲಿ ಏನು ಬರೆದ? ಇವರು ದೇವರೇ ಅಲ್ಲ, ಟ್ರಾಯ್ ಕಡೆಯಿಂದ ವಲಸೆ ಬಂದ ರಾಜರು, ಥಾರ್ ಅಂದರೆ ಪ್ರಿಯಾಮನ ಮೊಮ್ಮಗ! ಕೊನೆಗೆ 1241ರಲ್ಲಿ ನಾರ್ವೆಯ ರಾಜನ ಕಡೆಯವರು ಅವನನ್ನು ಅವನ ಮನೆಯ ನೆಲಮಾಳಿಗೆಯಲ್ಲೇ ಕೊಂದರು. ಕಾಪಿರೈಟ್ ಜಗಳಕ್ಕಲ್ಲ, ರಾಜಕೀಯಕ್ಕೆ.

ಆಟದವರಿಗೆ ಉಳಿದ ದೊಡ್ಡ ತಲೆನೋವು ರಾಗ್ನರೋಕ್, ಅಂದರೆ ಈ ಪುರಾಣದ ಪ್ರಳಯದ ಯುದ್ಧ. ಓಡಿನ್‌ನನ್ನು ತೋಳ ನುಂಗುತ್ತದೆ. ಥಾರ್ ಹಾವನ್ನು ಕೊಂದು ಒಂಬತ್ತು ಹೆಜ್ಜೆ ನಡೆದು ಸಾಯುತ್ತಾನೆ. ದಾಳ ಏನೇ ಬೀಳಲಿ, ಫಲಿತಾಂಶ ಮೊದಲೇ ಪ್ರಕಟವಾಗಿದೆ. ಇಂಥದ್ದನ್ನು ಮಾರುವುದು ಹೇಗೆ? ಆದರೆ ಹಾಡು ಅಲ್ಲಿಗೆ ಮುಗಿಯುವುದಿಲ್ಲ. ಬದುಕುಳಿದ ದೇವರುಗಳು ಹೊಸ ಭೂಮಿಗೆ ಬಂದಾಗ ಹುಲ್ಲಿನ ನಡುವೆ ಬಂಗಾರದ ಆಟದ ಕಾಯಿಗಳು ಸಿಗುತ್ತವೆ, ಲೋಕ ಹೊಸದಾಗಿದ್ದಾಗ ಆಡುತ್ತಿದ್ದಂಥವು. ಆ ಮಣೆಯಾಟದ ಪೂರ್ತಿ ನಿಯಮ ಯಾರೂ ಬರೆದಿಟ್ಟಿಲ್ಲ. ಈಗ ಆಡುವವರು 1732ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಲ್ಯಾಪ್‌ಲ್ಯಾಂಡಿನಲ್ಲಿ ಕಂಡ ಇಂಥದೇ ಆಟದ ಟಿಪ್ಪಣಿ ಹಿಡಿದು ಊಹಿಸುತ್ತಾರೆ. ನಿಯಮವೇ ಇಲ್ಲದ, ಮಾಲೀಕನೇ ಇಲ್ಲದ, ಬಂಗಾರದ ಕಾಯಿಯ ಆಟ. ಯಾವ ಕಂಪನಿ ಬಿಡುತ್ತದೆ ಹೇಳಿ? ಡೀಲಕ್ಸ್ ಬಾಕ್ಸ್ ಬಂದೇ ಬರುತ್ತದೆ. ದಾಳ ಬೇರೆ ಕೊಳ್ಳಬೇಕು.