ಎಲ್ಲರ ಕೈಯಲ್ಲೂ ಒಂದನೇ ನಂಬರ್

ಹದಿನಾಲ್ಕು ವರ್ಷ ಜಾವಾ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದರೆ ತಲೆ ಸುಮ್ನೆ ಕೂರುತ್ತದೆ, ಬೆರಳೇ ಕೆಲಸ ಮಾಡುತ್ತದೆ. ಹೆಂಡತಿಗೆ ‘ಹಾಲು ತರ್ತೀನಿ’ ಅಂತ ವಾಟ್ಸಾಪ್ ಮಾಡಿದರೂ ಜಾವಾ ಸಾಲಿನ ಹಾಗೆ ಕೊನೆಗೊಂದು ಸೆಮಿಕೋಲನ್ (;) ಬೀಳುತ್ತಿತ್ತು.

ಹೋದ ವರ್ಷ ಆಫೀಸಿನವರು ಪೈಥಾನ್ ಕಲಿಯಿರಿ ಅಂದರು. ಹೊಸ ಭಾಷೆ ಕಲಿಯುತ್ತಿದ್ದೇನೆ ಅಂತ ದಾವಣಗೆರೆ ತುಂಬ ಹೇಳಿಕೊಂಡು ತಿರುಗಿದೆ. ಆಮೇಲೆ ನೋಡಿದರೆ ಪೈಥಾನ್ ಬಂದಿದ್ದು 1991ರಲ್ಲಿ, ಜಾವಾ 1995ರಲ್ಲಿ. ಹೊಸದು ಯಾವುದು, ಹಳೆಯದು ಯಾವುದು!

ಭಾವನವರದ್ದು ಬೆಣ್ಣೆದೋಸೆ ಹೋಟೆಲ್. ಭಾನುವಾರ ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ. ಕಟ್ಟಿಗೆ ಒಲೆ, ಒಂದೇ ಕಾವಲಿ, ಅವಸರ ಮಾಡುವಂತಿಲ್ಲ. ಯಾರು ಮೊದಲು ಬಂದರು ಅಂತ ದಿನಾ ಜಗಳ. “ಗುಂಡಿ ಒತ್ತಿದರೆ ಟೋಕನ್ ಬರೋ ಹಾಗೆ ಮಾಡಿಕೊಡ್ತೀನಿ ಭಾವ” ಅಂದೆ. ಪೈಥಾನಿನಲ್ಲೇ ಹತ್ತು ಸಾಲು ಬರೆದೆ. ಒಂದು ಸಲ ಒತ್ತಿದೆ, 1 ಅಂತ ಚೀಟಿ ಬಂತು. ಇನ್ನೇನು ನೋಡುವುದು? ಅನುಭವಸ್ಥ ಅಲ್ವಾ.

ಭಾನುವಾರ ಎಂಟು ಗಂಟೆಗೆ ಫೋನ್. “ಏನಪ್ಪಾ ಇಂಜಿನಿಯರ್ರೇ, ಬೇಗ ಬಾ.”

ಹೋಗಿ ನೋಡಿದರೆ ಅರವತ್ತು ಜನ, ಎಲ್ಲರ ಕೈಯಲ್ಲೂ ಒಂದನೇ ನಂಬರ್. “ಒಂದು!” ಅಂತ ಕೂಗಿದರೆ ಅಷ್ಟೂ ಜನ ಒಟ್ಟಿಗೆ ಏಳುತ್ತಿದ್ದರು. ಯಜಮಾನರೊಬ್ಬರು ಚೀಟಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು, “ತಮ್ಮಾ, ಓದಕ್ಕೆ ಬರುತ್ತೇನು? ನಾನೇ ಫಸ್ಟು” ಅಂದರು.

ಜಾವಾದಲ್ಲಿ ಲೆಕ್ಕಕ್ಕೆ ಇಟ್ಟ ಹೆಸರಿನ ಮೊದಲೋ ಆಮೇಲೋ ಪ್ಲಸ್ ಪ್ಲಸ್ (++) ಹಾಕಿದರೆ ಲೆಕ್ಕ ಒಂದು ಹೆಚ್ಚುತ್ತದೆ. ಪೈಥಾನಿನಲ್ಲಿ ಆ ಸೌಕರ್ಯವೇ ಇಲ್ಲ. ಹೆಸರಾದ ಮೇಲೆ ಹಾಕಿ ಸಾಲು ಮುಗಿಸಿದ್ದರೆ ಅದು ತಪ್ಪು ಅಂತ ಅಲ್ಲೇ ಬೈಯುತ್ತಿತ್ತು. ನನ್ನ ಬೆರಳು ಹೆಸರಿಗಿಂತ ಮೊದಲು ಹಾಕಿತ್ತು. ಹಾಗೆ ಹಾಕಿದರೆ ಬರೀ ಎರಡು ಸಲ ‘ಪ್ಲಸ್’ ಅಂದ ಹಾಗೆ. ಒಂದಕ್ಕೆ ಎಷ್ಟು ಸಲ ಪ್ಲಸ್ ಅಂದರೂ ಒಂದೇ. ಬೈದಿದ್ದರೂ ಚೆನ್ನಾಗಿತ್ತು, ಇದು ಬಾಯಿ ಮುಚ್ಚಿಕೊಂಡು ಒಂದು, ಒಂದು ಅಂತ ಚೀಟಿ ಕೊಡುತ್ತಲೇ ಹೋಯಿತು. ಅದರ ಪಕ್ಕದಲ್ಲೇ ನಾನು ಅಭ್ಯಾಸಬಲದಿಂದ ಹಾಕಿದ ಸೆಮಿಕೋಲನ್. ಅದಕ್ಕೂ ಪೈಥಾನಿನ ತಕರಾರಿಲ್ಲ.

ಒಂದೇ ಸಾಲು ತಿದ್ದಿದೆ. ಯಂತ್ರ ಸರಿಹೋಯಿತು.

ಮುಂದಿನ ಭಾನುವಾರ ದೋಸೆಗೆ ಹೋದೆ. ಯಂತ್ರದ ಮೇಲೆ ಚಟ್ನಿ ಬಕೆಟ್ ಕೂತಿತ್ತು. ಭಾವ ಒಂದು ರಟ್ಟಿನ ಚೂರು ಕೊಟ್ಟರು. ಪೆನ್ನಿನಲ್ಲಿ 47 ಅಂತ ಬರೆದಿತ್ತು. ನನ್ನ ಮುಂದೆ ಇದ್ದವರು ನಾಲ್ಕೇ ಜನ.