ಮುಖ್ಯಸ್ಥರು ರಜೆಯಲ್ಲಿದ್ದ ದಿನ ವಿಭಾಗ ಹೇಗಿತ್ತು?

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡೋಳು ನಾನು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತೀನಿ. ಒಂದು ದಿನ ನಾಗನಹಳ್ಳಿ ಹತ್ತಿರ ರೈಲು ನಿಂತುಬಿಟ್ಟು, ನಾನು ಹೋಗಿ ಹಾಜರಾತಿ ಮೆಷಿನ್‌ಗೆ ಥಂಬ್ ಕೊಟ್ಟಾಗ 9 ಗಂಟೆ 4 ನಿಮಿಷ. ಅರ್ಧ ದಿನ ಸಿಎಲ್ (ಸಾಂದರ್ಭಿಕ ರಜೆ) ಕಟ್. ಹಿಂದಿನ ದಿನ, ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಗೆ ಕೊಡಬೇಕಾದ ಫೈಲು ಜೋಡಿಸ್ತಾ ರಾತ್ರಿ 8ರವರೆಗೆ ಕೂತಿದ್ದೆ, ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಹೇಳಿಕೊಳ್ಳೋಕೆ ಹೋದರೆ ನಮ್ಮ ಮುಖ್ಯಸ್ಥರು ತಲೆ ಎತ್ತದೆ, "ರೂಲ್ಸ್ ಅಂದ್ರೆ ರೂಲ್ಸ್ ಮೇಡಂ" ಅಂದರು.

ಅವತ್ತು ಸಂಜೆ ಸರಿಯಾಗಿ 4.30ಕ್ಕೆ ಥಂಬ್ ಕೊಟ್ಟೆ. ಫೈನಲ್ ಇಯರ್ ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಎದೆಗೆ ಅವಚಿಕೊಂಡು ಮೆಷಿನ್ ಪಕ್ಕದಲ್ಲೇ ಕಾಯ್ತಿದ್ದಳು. "ನಾಳೆ ನೋಡೋಣಮ್ಮ" ಅಂದು ಮೆಟ್ಟಿಲಿಳಿದೆ. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಯಾವ ಮಕ್ಕಳಿಗೂ ಹಾಗಂದಿರಲಿಲ್ಲ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹುಡುಗರ ಗುಂಪುಗಳ ಮೇಲೆ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಬಲ್ಲರು. ಅಪ್ಪಣೆ ಮಾಡುವ ನಾಯಕ ಎದುರಿಗಿದ್ದಾಗ ಕೆಲಸ ಚೆನ್ನಾಗೇ ಸಾಗಿತು, ಆತ ಕೋಣೆಯಿಂದ ಆಚೆ ಹೋದ ಕೂಡಲೇ ಕುಸಿಯಿತು. ಎಲ್ಲರನ್ನೂ ಕೇಳಿ ತೀರ್ಮಾನಿಸುವ ನಾಯಕ ಹೊರಗೆ ಹೋದರೂ ಹುಡುಗರು ಕೆಲಸ ಬಿಡಲಿಲ್ಲ. ಏನೂ ಹೇಳದೆ ಸುಮ್ಮನೆ ಬಿಟ್ಟುಬಿಟ್ಟ ಗುಂಪಿನದು ಇನ್ನೊಂದು ಕಥೆ, ಅಲ್ಲಿ ಕೆಲಸವೇ ಸರಿಯಾಗಿ ಆಗಲಿಲ್ಲ. ಈಗ ಯೋಚನೆ ಮಾಡಿ, ಕ್ಲಾಸಿನ ಬಾಗಿಲು ಹಾಕಿಕೊಂಡ ಮೇಲೆ ಒಳಗಿರೋದು ಮೇಷ್ಟ್ರು, ಮಕ್ಕಳು ಅಷ್ಟೇ. ನಮ್ಮ ಕೆಲಸ ಪೂರ್ತಿ ನಡೆಯೋದೇ ಮುಖ್ಯಸ್ಥರಿಲ್ಲದ ಕೋಣೆಯಲ್ಲಿ.

ನಮ್ಮ ವಿಭಾಗದ ಹಿಂದಿನ ಮುಖ್ಯಸ್ಥೆ ಮೇಡಂ ಸಡಿಲ ಅಲ್ಲವೇ ಅಲ್ಲ. ಪೋರ್ಷನ್ ಹಿಂದೆ ಬಿದ್ದರೆ ಕರೆದು ಕೂರಿಸಿ ಕೇಳೋರು. ಆದರೆ ಸೆಮಿಸ್ಟರ್‌ಗೆ ಮುಂಚೆ ಟೈಮ್‌ಟೇಬಲ್ ಹಾಳೆ ಮೇಜಿನ ಮೇಲೆ ಹರಡಿ, ಪೆನ್ಸಿಲನ್ನು ನಮ್ಮ ಕೈಗೆ ಕೊಡೋರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ನಮಗೆ 20 ದಾಟ್ತಿತ್ತು. ತಾವೇ ಒಂದು ಪೇಪರ್ ಹೆಚ್ಚಿಗೆ ತಗೊಂಡರು. ರೈಲಿನಲ್ಲಿ ಬರೋರಿಗೆ ಕಷ್ಟ ಅಂತ ಬೆಳಗಿನ ಮೊದಲ ಪೀರಿಯಡ್ಡನ್ನೂ ತಮ್ಮ ಹೆಸರಿಗೇ ಬರೆದುಕೊಂಡರು. ಮುಂದೆ ಅವರು ಆಪರೇಷನ್‌ಗೆ ಅಂತ ಎರಡು ತಿಂಗಳು ರಜೆ ಹಾಕಿದಾಗ ನಮ್ಮಲ್ಲಿ ಒಂದು ಕ್ಲಾಸೂ ತಪ್ಪಲಿಲ್ಲ.

ಅಡ್ಮಿಷನ್ ಆಗದಿದ್ರೆ ಖಾಸಗಿಯಲ್ಲಿ ಸಂಬಳ ಹುಟ್ಟಲ್ಲ, ಗೊತ್ತು. ಮಕ್ಕಳನ್ನು ಸೇರಿಸೋಕೆ ಬಿಸಿಲಲ್ಲಿ ಪಿಯು ಕಾಲೇಜುಗಳನ್ನು ನಾವೂ ಸುತ್ತಿದ್ದೀವಿ. ಆದರೆ ಅಡ್ಮಿಷನ್ ಟಾರ್ಗೆಟ್ ಮುಟ್ಟದವರ ಹೆಸರನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ ದಿನದಿಂದ ಒಳ್ಳೊಳ್ಳೆ ಮೇಷ್ಟ್ರುಗಳು ಬೇರೆ ಕೆಲಸ ಹುಡುಕೋಕೆ ಶುರು ಮಾಡಿದರು. ಎರಡು ವರ್ಷದಲ್ಲಿ ನಾಲ್ಕು ಜನ ಬಿಟ್ಟುಹೋದರು, ಇಬ್ಬರು ಸೆಮಿಸ್ಟರ್ ಮಧ್ಯದಲ್ಲೇ. ಅವರ ಕೈಕೆಳಗೆ ಪ್ರಾಜೆಕ್ಟ್ ಮಾಡ್ತಿದ್ದ ಮಕ್ಕಳು ಕಾರಿಡಾರಿನಲ್ಲಿ ಗೈಡ್ ಹುಡುಕಿಕೊಂಡು ಅಲೆದಿದ್ದನ್ನು ಕಣ್ಣಾರೆ ಕಂಡಿದ್ದೀನಿ.

ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಯಾರನ್ನಾದರೂ ಮುಖ್ಯಸ್ಥರನ್ನಾಗಿ ಮಾಡೋ ಮುಂಚೆ, ಅವರು ರಜೆಯಲ್ಲಿದ್ದ ದಿನಗಳಲ್ಲಿ ಕೆಲಸ ಹೇಗೆ ನಡೀತಿತ್ತು ಅಂತ ಜೊತೆಯಲ್ಲಿದ್ದವರನ್ನು ವಿಚಾರಿಸಿ.

ಆ ಹುಡುಗಿಯನ್ನು ಮರುದಿನ ಬೆಳಿಗ್ಗೆಯೇ ಹುಡುಕಿಕೊಂಡು ಹೋದೆ. ಕೊನೇ ದಿನ ಅಂತ ಹೆದರಿ, ಬೇರೆಯವರ ಸಹಿ ಹಾಕಿಸಿಕೊಂಡು ರಿಪೋರ್ಟ್ ಕೊಟ್ಟುಬಿಟ್ಟಿದ್ದಳು. ಮೂರನೇ ಅಧ್ಯಾಯದ ಟೇಬಲ್‌ನಲ್ಲಿ ತಪ್ಪು ಹಾಗೇ ಇತ್ತು. ಐದು ನಿಮಿಷ ನಿಂತಿದ್ದರೆ ನನ್ನ ಕಣ್ಣಿಗೆ ಬೀಳ್ತಿತ್ತು.