ನಮ್ಮೂರ ಆಂಜನೇಯ ಸಿ ಗ್ರೇಡ್

ನನಗೆ ದೇವರ ಮೇಲೆ ನಂಬಿಕೆ ಇದೆ. ಅನುಮಾನ ಇರುವುದು ಅವನ ಮಾರ್ಕ್ಸ್ ಕಾರ್ಡ್ ಮೇಲೆ.

ಹೌದು, ನಮ್ಮ ರಾಜ್ಯದಲ್ಲಿ ದೇವರಿಗೂ ಗ್ರೇಡ್ ಇದೆ. ಮುಜರಾಯಿ ಇಲಾಖೆಯ ಲೆಕ್ಕ ಸರಳ. ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯವಿದ್ದರೆ ‘ಎ’. 5ರಿಂದ 25 ಲಕ್ಷದವರೆಗೆ ‘ಬಿ’. ಐದು ಲಕ್ಷವೂ ಮುಟ್ಟದಿದ್ದರೆ ‘ಸಿ’. ಎ, ಬಿ ಎರಡೂ ಸೇರಿದರೂ ಕೆಲವು ನೂರು ದೇವಸ್ಥಾನ. ಸಿ ಮಾತ್ರ 30 ಸಾವಿರಕ್ಕೂ ಜಾಸ್ತಿ. ದೇವರು ಎಲ್ಲ ಕಡೆ ಇದ್ದಾನೆ ಅಂತಾರಲ್ಲ, ಹೆಚ್ಚಾಗಿ ಇರುವುದು ಸಿ ಗ್ರೇಡಿನಲ್ಲೇ.

ವರ್ಷಾವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟಿನಂತೆ ಪೇಪರಿನಲ್ಲಿ ಇದೂ ಬರುತ್ತದೆ: ಆದಾಯದಲ್ಲಿ ಕುಕ್ಕೆ ಫಸ್ಟ್, ಕೊಲ್ಲೂರು ಸೆಕೆಂಡ್. 2024-25ರಲ್ಲಿ ಕುಕ್ಕೆ ಸುಬ್ರಹ್ಮಣ್ಯ 150 ಕೋಟಿ ದಾಟಿದ. ಮಕ್ಕಳ ರಿಸಲ್ಟಿನಲ್ಲೂ ಕರಾವಳಿಯೇ ಮುಂದೆ, ದೇವರ ರಿಸಲ್ಟಿನಲ್ಲೂ ಅದೇ. ಬಯಲುಸೀಮೆಯವರು ನಮ್ಮ ದೇವರನ್ನು ಟ್ಯೂಷನ್ನಿಗೆ ಹಾಕಬೇಕೋ ಏನೋ.

ಮೊನ್ನೆ ಒಂದು ‘ಎ’ ಗ್ರೇಡ್ ದೇವರನ್ನು ನೋಡಲು ಹೋಗಿದ್ದೆ. ಹೆಸರು ಬೇಡ ಬಿಡಿ. ದುಡ್ಡು ಕೊಟ್ಟವರಿಗೆ ಶೀಘ್ರದರ್ಶನ, ಕೊಡದವರಿಗೆ ಧರ್ಮದರ್ಶನ. ನಾನು ಧರ್ಮದವರ ಜೊತೆ ಎರಡು ಗಂಟೆ ನಿಂತೆ. ಕಬ್ಬಿಣದ ಸರಳಿನ ಆಚೆ ಶೀಘ್ರದವರು ಐಸ್‌ಕ್ಯಾಂಡಿ ಚೀಪುತ್ತಾ ಸಾಗುತ್ತಿದ್ದರು. ತಲೆಯ ಮೇಲೊಂದು ಫ್ಯಾನ್. ಮೂರು ರೆಕ್ಕೆಯ ಮೇಲೂ ದಾನಿಯ ಹೆಸರು, ಊರು, ಅಂಗಡಿ. ತಿರುಗಿದರೆ ಹೆಸರು ಕಾಣುವುದಿಲ್ಲ ಅಲ್ವಾ, ಅದಕ್ಕೇ ಇರಬೇಕು, ಆಫ್ ಆಗಿತ್ತು. ಕೊನೆಗೂ ಗರ್ಭಗುಡಿ ಮುಂದೆ ಬಂದೆ. ಕೈ ಮುಗಿಯಲು ಎರಡೂ ಅಂಗೈ ಹತ್ತಿರ ತರುವಷ್ಟರಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ಯಾರೋ ಬೆನ್ನಿಗೆ ಕೈ ಹಾಕಿದರು. ನನ್ನ ಮುಗಿದ ಕೈ ಸಿಕ್ಕಿದ್ದು ಲಾಡು ಕೌಂಟರಿಗೆ.

ನಮ್ಮೂರ ಆಂಜನೇಯ ಸಿ ಗ್ರೇಡ್. ಮಳೆ ಬಂದರೆ ಅವನಿಗೆ ಅಭಿಷೇಕ ಪುಕ್ಕಟೆ. ಸರ್ಕಾರ ಕೊಡುವ ತಸ್ತೀಕು 2025ರಲ್ಲಿ ವರ್ಷಕ್ಕೆ 60 ಸಾವಿರದಿಂದ 72 ಸಾವಿರಕ್ಕೆ ಏರಿತು. ದಿನಕ್ಕೆ ಇನ್ನೂರು ರೂಪಾಯಿಯೂ ಇಲ್ಲ. ಅದರಲ್ಲೇ ಎಣ್ಣೆ, ಕರ್ಪೂರ, ಹೂವು, ಅಯ್ನೋರ ಹೊಟ್ಟೆ. (ಮುಜರಾಯಿ, ತಸ್ತೀಕು ಎರಡೂ ಅರಬ್ಬಿ-ಪಾರ್ಸಿ ಕಡೆಯಿಂದ ಬಂದ ಪದಗಳು. ಧರ್ಮರಕ್ಷಕರಿಗೆ ಇನ್ನೂ ಗೊತ್ತಾದಂತಿಲ್ಲ, ಹೇಳಬೇಡಿ.)

ಶನಿವಾರ ಹೋದಾಗ ಅಯ್ನೋರು ಬತ್ತಿ ಹೊಸೆಯುತ್ತಾ ಕೂತಿದ್ದರು.

“ಅಯ್ನೋರೇ, ನಮ್ ಆಂಜನೇಯ ಯಾವಾಗ ಪಾಸಾಗೋದು?”

“ಪಾಸಾದ್ರೆ ಜನ ಬರ್ತಾರೆ ಸ್ವಾಮಿ. ಜನ ಬಂದ್ರೆ ಸರಳು ಹಾಕ್ತಾರೆ. ಸರಳು ಹಾಕಿದ್ ಮೇಲೆ ಟಿಕೆಟ್ ಇಡ್ತಾರೆ. ಆಮೇಲೆ ನೀವು ಈ ಕಂಬಕ್ಕೆ ಒರಗಿ ಕೂರಂಗಿಲ್ಲ. ನಾನೂ ಅಷ್ಟೇ, ನಿಮ್ಮನ್ನ ಮಾತಾಡ್ಸೋಕಾಗಲ್ಲ, ಮುಂದೆ ಹೋಗಿ ಅನ್ಬೇಕು.”

ಕಂಬಕ್ಕೆ ಒರಗಿ ಅರ್ಧ ಗಂಟೆ ಸುಮ್ನೆ ಕೂತೆ. ಯಾರೂ ಎಬ್ಬಿಸಲಿಲ್ಲ. ಏಳುವಾಗ ಹುಂಡಿಗೆ ಹಾಕಲು ಐವತ್ತರ ನೋಟು ತೆಗೆದಿದ್ದೆ. ಯೋಚನೆ ಮಾಡಿ ಅದನ್ನು ಅಯ್ನೋರ ತಟ್ಟೆಗೆ ಹಾಕಿದೆ. ಹುಂಡಿ ಲೆಕ್ಕಕ್ಕೆ ಬರುತ್ತದೆ, ತಟ್ಟೆ ಬರುವುದಿಲ್ಲ.